ಲಗ್ನದ ಪಟ್ಟಿಯಿಂದ ಕಟ್ಟಿದ ಪಕ್ಷ

ಅಕ್ಕೋರೇ, ನಾನು ನಿಮಗೆ ತಂದುಕೊಟ್ಟ ಕಾರ್ಯಕರ್ತರ ಪಟ್ಟಿ ಸುಳ್ಳು. ನನ್ನ ಮಗಳ ಲಗ್ನಪತ್ರಿಕೆ ಹಂಚಲು ಬರೆದಿಟ್ಟಿದ್ದ ಹೆಸರುಗಳನ್ನೇ ಅದರಲ್ಲಿ ಇಳಿಸಿದ್ದೆ.

ನಮ್ಮ ಹೊಸ ಪಕ್ಷಕ್ಕೆ ನವಲಗುಂದ ಕಡೆಯ ಹಳ್ಳಿಗಳಲ್ಲಿ ಊರಿಗೆ ಹತ್ತು ಜನರನ್ನು ಕೂಡಿಸುವ ಕೆಲಸವನ್ನು ನೀವು ನನಗೇ ಒಪ್ಪಿಸಿದಿರಿ — ಎಲ್ಲ ಊರಲ್ಲೂ ನನಗೆ ಬೀಗರಿದ್ದಾರೆಂದು. ಮೊದಲ ದಿನ ಮೂರು ಮನೆಗೆ ಹೋದೆ. ಮೂರೂ ಕಡೆ ಚಹಾ ಕೊಟ್ಟರು, ಚೂಡಾ ಕೊಟ್ಟರು, ನಕ್ಕರು. “ಮೊದಲ ಗೆದ್ದು ಬರ್ರಿ ಬೀಗರ, ಆಮ್ಯಾಲ ಎಲ್ಲಾರೂ ನಿಮ್ಮವರ!” ನಾಲ್ಕನೆಯ ಬಾಗಿಲಿಗೆ ಹೋಗಲು ನಾಚಿಕೆಯಾಯಿತು. ಬೀಗರನ್ನು ಊಟಕ್ಕೆ ಕರೆದು ಗೊತ್ತು, ಅವರ ಮುಂದೆ ಕೈಯೊಡ್ಡಿ ಗೊತ್ತಿಲ್ಲ. ಮನೆಗೆ ಬಂದು ಹಳೆಯ ಪಟ್ಟಿ ತೆಗೆದೆ. ಲಗ್ನಕ್ಕೆ ಬಂದವರು ಓಟಿಗೆ ಬರದೆ ಎಲ್ಲಿಗೆ ಹೋದಾರು ಅಂದುಕೊಂಡೆ — ಎಂಥ ಮೂಢ ನಾನು!

ನೀವು ಹೆಸರುಗಳ ಮೇಲೆ ಬೆರಳಾಡಿಸಿ ಕೇಳಿದಿರಿ: “ಶಂಕ್ರಣ್ಣಾ, ಇವ್ರೆಲ್ಲಾ ಖರೇನ ನಮ್ಮ ಕೂಡ ಅದಾರೇನು?”

“ಅದಾರ್ರಿ ಅಕ್ಕೋರ. ಚಿಂತಿ ಬಿಡ್ರಿ.”

ಮರುವಾರವೇ ನೀವು, ಇನ್ನೂ ಆರು ವರ್ಷ ಸೇವೆಯಿದ್ದ ಶಾಲೆಯ ನೌಕರಿ ಬಿಟ್ಟು ಚುನಾವಣೆಗೆ ನಿಂತಿರಿ. ಆಗಲಾದರೂ ಹೇಳಬಹುದಿತ್ತು...

ಮತದಾನದ ದಿನ ಇಬ್ಬರೂ ಊರೂರು ಸುತ್ತಿದೆವು. ಬೂತಿನ ಹೊರಗೆ ಚೀಟಿ ಬರೆದುಕೊಡಲು ಉಳಿದ ಪಕ್ಷಗಳವರು ಮೇಜು ಹಾಕಿಕೊಂಡು ಕುಳಿತಿದ್ದರು; ನಮ್ಮವರು ಎಲ್ಲಿಯೂ ಇಲ್ಲ. ನಿಮ್ಮ ಮುಖ ನೋಡಲಾಗಲಿಲ್ಲ. ಆಗ ಇನ್ನೊಂದು ಸುಳ್ಳು ಹೇಳಿದೆ — “ಮಂದಿ ಮಾರ್ಕೊಂಡಾರ್ರಿ ಅಕ್ಕೋರ.” ಇದು ಮೊದಲಿನದಕ್ಕಿಂತ ದೊಡ್ಡ ಪಾಪ.

ಠೇವಣಿ ಹೋಯಿತು, ಪಕ್ಷವೂ ಹೋಯಿತು. ಹೊಸ ಪಕ್ಷಗಳು ಸೋಲುವುದಕ್ಕೆ ಕೆಲವರು ಜಾತಿ ಎನ್ನುತ್ತಾರೆ, ಕೆಲವರು ದುಡ್ಡು ಎನ್ನುತ್ತಾರೆ. ಇರಬಹುದು. ಆದರೆ ಗೆದ್ದವರ ಕಡೆಯವನೊಬ್ಬ ಆ ನಾಲ್ಕನೆಯ ಬಾಗಿಲಿಗೂ ಹೋಗಿದ್ದ, ಐದನೆಯದಕ್ಕೂ ಹೋಗಿದ್ದ. ನಾನು ಹೋಗಿದ್ದರೆ ಗೆಲ್ಲುತ್ತಿದ್ದೆವೋ ಇಲ್ಲವೋ — ಅದನ್ನೂ ಇನ್ನು ತಿಳಿಯುವಂತಿಲ್ಲ.

ಮೊನ್ನೆ ಬೇರೊಂದು ಹೊಸ ಪಕ್ಷದವರು ನಿಮ್ಮನ್ನು ಕರೆಯಲು ಬಂದಾಗ ನಾನು ಬಾಜುವಿನಲ್ಲೇ ಕುಳಿತಿದ್ದೆ. “ನಮ್ಮ ಮಂದೀನ್ನ ನಂಬಬ್ಯಾಡ್ರಿ, ಮಾರ್ಕೊಳ್ಳೂ ಮಂದಿ” ಎಂದು ಹೇಳಿ ಅವರನ್ನು ಕಳುಹಿಸಿದಿರಿ. ನೀವೇ ಅಕ್ಷರ ಕಲಿಸಿದ ಊರುಗಳು ಅವು! ಆಗಲೂ ಖರೆ ಹೇಳದೆ ಎದ್ದು ಮನೆಗೆ ಬಂದೆ. ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ನೌಕರಿಯನ್ನು ನಾನು ತಿರುಗಿ ತಂದುಕೊಡಲಾರೆ.

ಯಾರೂ ಮಾರಿಕೊಂಡಿರಲಿಲ್ಲ, ಅಕ್ಕೋರೇ. ನಾನು ಅವರನ್ನು ಕೇಳಿಯೇ ಇರಲಿಲ್ಲ.