ಇಳಿಸಬಾರದ ತಟ್ಟೆ

ನೆನ್ನೆ ಸುಧಾ ಡಬ್ಬಿ ತುಂಬ ತಂಬಿಟ್ಟು ತಂದುಕೊಟ್ಟಳು. ಮುಚ್ಚಳ ತೆಗೆದರೆ ಹುರಿದ ಅಕ್ಕಿಹಿಟ್ಟು, ಬೆಲ್ಲ, ಏಲಕ್ಕಿಯ ವಾಸನೆ. ಒಂದು ಉಂಡೆ ಕೈಗೆತ್ತಿಕೊಂಡೆ, ಅಷ್ಟರಲ್ಲಿ ಅವಳು ಕೆಮ್ಮಿದಳು. ನನ್ನ ಕೈ ಹಾಗೇ ನಿಂತುಬಿಟ್ಟಿತು. ಏಕೆ ಅಂತ ಹೇಳುತ್ತೇನೆ, ಕೂತುಕೊಳ್ಳಿ.

ಹೊಸ ವಿಮಾನ ನಿಲ್ದಾಣ ಬಂದು, ಹೆಬ್ಬಾಳದ ರಸ್ತೆಯನ್ನೆಲ್ಲ ಅಗೆದು ಹಾಕಿದ್ದ ಕಾಲ. ಯಲಹಂಕದಲ್ಲಿ ನಾವು ಏಳೆಂಟು ಹೆಂಗಸರು ಬೆಳಿಗ್ಗೆ ಕೆರೆ ಸುತ್ತುತ್ತಿದ್ದೆವು. ಡಾಕ್ಟರಿಗೆ ವಾಕಿಂಗ್ ಅಂತ ಹೇಳುವುದು. ನಡೆಯುತ್ತಿದ್ದುದು ಸೊಸೆಯರ ವಿಚಾರಣೆ. ಗದಗದ ಕಡೆಯ ಕಸ್ತೂರಿ ನಮಗೆ ಲೀಡರು, ಕಾಲೇಜಿನ ಆಫೀಸಿನಲ್ಲಿ ಕೆಲಸಕ್ಕಿದ್ದವಳು. ರೈಲಿನಲ್ಲಿ ಹೋಗಿ ಮಾಕಳಿ ಬೆಟ್ಟ ಹತ್ತೋಣ ಅಂದವಳು ಅವಳೇ.

ಪಕ್ಕದ ಮನೆಯ ಗೌರಮ್ಮ ಎಲ್ಲರಿಗಿಂತ ಮೊದಲು ಒಪ್ಪಿದಳು. ಅವಳ ಮಗಳೇ ಈ ಸುಧಾ. ಹುಡುಗಿ ನ್ಯುಮೋನಿಯಾ ಆಗಿ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಬೆಟ್ಟದ ಮೇಲಿನ ಈಶ್ವರನಿಗೆ ತಂಬಿಟ್ಟಿನಲ್ಲಿ ತುಪ್ಪದ ದೀಪವಿಟ್ಟು ಆರತಿ ತರುತ್ತೇನೆ ಅಂತ ಗೌರಮ್ಮ ಹರಕೆ ಹೊತ್ತಿದ್ದಳು. ನಮ್ಮಲ್ಲಿ ಹರಕೆಯ ತಟ್ಟೆ ಎತ್ತಿದರೆ ಗುಡಿ ಮುಟ್ಟುವ ತನಕ ನೆಲಕ್ಕೆ ಇಡುವ ಹಾಗಿಲ್ಲ, ವಾಪಸ್ ಮನೆಗೆ ತರುವ ಹಾಗೂ ಇಲ್ಲ. ರೈಲಿನಲ್ಲೂ ಅದನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದಳು ಮಹಾರಾಯ್ತಿ. ಕಡಲೆಕಾಯಿ ಬಿಡಿಸಲೂ ಕೈ ತೆಗೆಯಲಿಲ್ಲ. ನಾನೇ ಬಿಡಿಸಿ ಬಾಯಿಗೆ ಹಾಕಿದೆ.

ಅರ್ಧ ಹತ್ತಿದ ಮೇಲೆ ದಾರಿ ಕೈಕೊಟ್ಟಿತು. ಹಿಂದಿನ ದಿನದ ಮಳೆಗೆ ಬಂಡೆಯ ಮೇಲೆಲ್ಲ ನೀರು ಹರಿಯುತ್ತಿತ್ತು. ಕಸ್ತೂರಿ ನಾಲ್ಕು ಹೆಜ್ಜೆ ಹತ್ತಿ ನೋಡಿ ಇಳಿದು ಬಂದಳು.

"ಮ್ಯಾಲೆ ಹೋಗೂದು ಬ್ಯಾಡ್ರೀ. ಕಲ್ಲೆಲ್ಲಾ ಪಾಚಿ ಹಿಡದೈತಿ. ತಿರುಗಿ ಹೋಗೂಣು."

"ನೀವೆಲ್ಲಾ ಓಗಿ, ನಾನೊಬ್ಳೇ ಅತ್ತೀನಿ," ಅಂದಳು ಗೌರಮ್ಮ. ಒಂದು ಕೈಯಲ್ಲಿ ತಟ್ಟೆ, ಇನ್ನೊಂದು ಕೈ ಬಂಡೆಗೆ. ಎರಡನೇ ಹೆಜ್ಜೆಗೇ ಜಾರಿದಳು. ಮಂಡಿ ತರಚಿತು, ತಟ್ಟೆ ಮಾತ್ರ ಅಲುಗಲಿಲ್ಲ. ಅಲ್ಲೇ ನಿಂತು ಅಳುವುದಕ್ಕೆ ಶುರು. ಹರಕೆ ತಪ್ಪಿದರೆ ಮಗಳಿಗೆ ಮತ್ತೆ ಜ್ವರ ಬರುತ್ತದೆ ಅಂತ.

ನನಗೆ ಅಳುವವರನ್ನು ಕಂಡರೆ ಆಗುವುದಿಲ್ಲ. ಒದ್ದೆ ಕಲ್ಲಿನ ಮೇಲೆ ಕೂತು ಮಡಿಲೊಡ್ಡಿದೆ.

"ಇಲ್ಲಿಡೇ. ರೈಲಲ್ಲಿ ನಿನ್ ತೊಡೆ ಆಯ್ತದೆ ಅಂದ್ರೆ ಇಲ್ಲಿ ನನ್ ತೊಡೆ ಆಯ್ತದೆ."

"ಗುಡಿ ಅಲ್ಲೈತಲ್ಲಕ್ಕ?"

"ಮಳೆ ಸುರಿಸ್ದೋನು ಯಾರೇ? ಅವ್ನೇ ಬಾಗ್ಲು ಆಕ್ಕೊಂಡು ಕೂತವ್ನೆ. ಬಾಗ್ಲಿಗೆ ಬಂದೋರ ಕೈಯಿಂದ ಅಲ್ಲೇ ಇಸ್ಕೊಳ್ಳೋದು ಅವನ ಮರ್ಯಾದೆ. ಇಲ್ಲೇ ದೀಪ ಅಚ್ಚೇ."

"ಏನಾದ್ರೂ ಆದ್ರೆ?"

"ಆದ್ರೆ ನನ್ ತಲೆ ಮೇಲೆ."

ಎಲ್ಲರೂ ಸುತ್ತ ಸೆರಗು ಹಿಡಿದು ಗಾಳಿ ತಡೆದರು. ದೀಪ ಹತ್ತಿತು. ತುಪ್ಪ ಸೋರಿ ನನ್ನ ಸೀರೆಗೆ ಕಲೆಯಾಯಿತು, ಇವತ್ತಿಗೂ ಹೋಗಿಲ್ಲ. ತಂಬಿಟ್ಟನ್ನು ಅಲ್ಲೇ ಹಂಚಿ ತಿಂದೆವು. ವಾಪಸ್ ಬರುವಾಗ ಗೌರಮ್ಮ ಯಲಹಂಕ ಬರುವ ತನಕ ಬಾಯಿ ತೆರೆದುಕೊಂಡು ನಿದ್ದೆ ಮಾಡಿದಳು.

ಬೇಸಿಗೆಯಲ್ಲಿ ದಾರಿ ಒಣಗಿತು, ಗುಂಪು ಮತ್ತೆ ಹೊರಟಿತು. ಗೌರಮ್ಮ ಬರಲಿಲ್ಲ. "ನಂದು ಮುಗೀತಲ್ಲಕ್ಕ," ಅಂದಳು. ಮಂಡಿನೋವು ಇಟ್ಟುಕೊಂಡು ನಾನು ಹೋದೆ, ತುದಿ ತನಕ. ಮುದುಕಿಗೆ ಭಕ್ತಿ ಬಂತು ಅಂತ ಕಸ್ತೂರಿ ನಕ್ಕಳು. ಭಕ್ತಿಯೂ ಇಲ್ಲ, ಮಣ್ಣೂ ಇಲ್ಲ. ತಲೆ ಮೇಲೆ ಅಂದಿದ್ದೆನಲ್ಲ.

ಹತ್ತಿ ಬಂದಮೇಲೂ ತಲೆ ಮೇಲಿನ ಆ ಭಾರ ಇಳಿದಿಲ್ಲ ಅನ್ನುವುದು ನೆನ್ನೆ ಸುಧಾ ಕೆಮ್ಮಿದಾಗ ಗೊತ್ತಾಯಿತು.

"ಏನೇ ಅದು ಕೆಮ್ಮು?" ಅಂತ ಗದರಿಸಿದೆ.

"ನಿಮ್ಮನೆ ಒಗ್ಗರಣೆ ಘಾಟು ಕಣಜ್ಜಿ," ಅಂದಳು ಸುಧಾ.

ಆಮೇಲೆ ಉಂಡೆ ಬಾಯಿಗೆ ಹಾಕಿದೆ. ಬೆಲ್ಲ ಕಡಿಮೆ. ಅದನ್ನೂ ಹೇಳಿದೆ.