ಅಂದು ನಾನು ಓಡಿಸಿದ್ದು ಅವನ ಲಾರಿ

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ರಸ್ತೆಯಲ್ಲಿ ಡಾಂಬರಿಗೆ ಅಡ್ಡಲಾಗಿ ಎರಡು ಕಪ್ಪು ಪಟ್ಟಿ ಹೂತಿದ್ದರು. ಮೇಲೆ ಹಾದುಹೋದ ಲಾರಿಯ ತೂಕ, ಚಕ್ರಗಳ ನಡುವಿನ ಅಂತರ, ಹೋದ ಹೊತ್ತು ಎಲ್ಲವೂ ಎಲ್ಲಿಯೋ ಕಂಪ್ಯೂಟರಿನಲ್ಲಿ ದಾಖಲಾಗುತ್ತಿತ್ತು. ಜಲ್ಲಿ ಹೆಚ್ಚು ತುಂಬಿದಾಗ ನಾವು ಡ್ರೈವರುಗಳು ಅಲ್ಲಿ ಎಡಚಕ್ರಗಳನ್ನು ಪಕ್ಕದ ಮಣ್ಣಿಗೆ ಇಳಿಸುತ್ತಿದ್ದೆವು. ಆಗ ಅರ್ಧ ತೂಕವೇ ಸಿಗುತ್ತಿತ್ತು. ಹೊಸಬರಿಗೆ ಇದನ್ನು ಕಲಿಸಿದವನೂ ನಾನೇ.

ಆ ದಿನ ನನಗೆ ಮಂಡಿನೋವು. ನನ್ನ ಲಾರಿಯ ಕ್ಲಚ್ ಬಲು ಗಟ್ಟಿ. ಭದ್ರಾವತಿಯ ಜೊತೆಗಾರ ಡ್ರೈವರ್ ನಗುತ್ತಾ, "ಅಣ್ಣಾ, ನನ್ನ ಗಾಡಿ ತಗೊಂಡ್ಹೋಗಿ. ನಿಮ್ಮ ಆ ಎಮ್ಮೇನ ನಾನು ಓಡಿಸ್ತೀನಿ" ಅಂದ. ಮಾಲೀಕರಿಗೆ ತಿಳಿಸದೆ ಹೀಗೆ ಗಾಡಿ ಬದಲಾಯಿಸಿಕೊಳ್ಳುವುದು ನಮ್ಮಲ್ಲಿ ಮಾಮೂಲು.

ಪಟ್ಟಿಯ ಹತ್ತಿರ ಎಡಕ್ಕೆ ಇಳಿಸಿದೆ. ಅಲ್ಲಿ ಮೊಪೆಡ್ ನಿಲ್ಲಿಸಿಕೊಂಡು ಒಬ್ಬರು ಫೋನಿನಲ್ಲಿ ಮಾತಾಡುತ್ತಿದ್ದರು. ಬಂಪರ್ ತಗುಲಿತು. ಅವರು ಎದ್ದು ಕೂತದ್ದು ಕನ್ನಡಿಯಲ್ಲಿ ಕಂಡಿತು. ನಾನು ನಿಲ್ಲಿಸಲಿಲ್ಲ. ಕಾಲು ಮುರಿದಿದೆ ಎಂದು ಸಂಜೆ ಗೊತ್ತಾಯಿತು.

ಮೂರನೆಯ ದಿನ ಸಬ್ ಇನ್ಸ್‌ಪೆಕ್ಟರ್ ಆ ಪಟ್ಟಿಯ ದಾಖಲೆಯ ಒಂದು ಕಾಗದ, ಒಂದು ಅಳತೆ ಟೇಪು ಹಿಡಿದು ನಮ್ಮ ಶೆಡ್ಡಿಗೆ ಬಂದರು. ಅಪಘಾತವಾದ ಹೊತ್ತಿನಲ್ಲಿ ಬಲಚಕ್ರಗಳಿಂದ ಮಾತ್ರ ಪಟ್ಟಿ ತುಳಿದ ಲಾರಿ ಯಾವುದೆಂದು ಹುಡುಕಬೇಕಿತ್ತು. ಟೇಪಿನ ಇನ್ನೊಂದು ತುದಿ ಹಿಡಿದವನು ಆ ಜೊತೆಗಾರನೇ.

"ಏನ್ ಸಾರ್, ಲಾರಿಗೆ ಶರ್ಟ್ ಹೊಲಿಸ್ತೀರಾ?" ಅಂದ. ಎಲ್ಲರೂ ನಕ್ಕರು.

ಅವನ ಲಾರಿಯ ಬಳಿ ಟೇಪು ನಿಂತಿತು. ಸ್ಪ್ರಿಂಗ್ ರಿಪೇರಿಯಾದ ಮೇಲೆ ಅದರ ಹಿಂದಿನ ಆಕ್ಸಲ್ ಎರಡು ಬೆರಳಿನಷ್ಟು ಹಿಂದೆ ಕೂತಿತ್ತು. ಕಾಗದದಲ್ಲೂ ಚಕ್ರಗಳ ಅಂತರ ಅಷ್ಟೇ ಹೆಚ್ಚಿತ್ತು.

"ಇದರ ಡ್ರೈವರ್ ಯಾರು?"

ಮಾಲೀಕರು ಅವನನ್ನು ತೋರಿಸಿದರು. ಅವನು ನನ್ನನ್ನು ನೋಡಿದ. ನಾನು ನನ್ನ ಚಪ್ಪಲಿಯನ್ನು ನೋಡಿದೆ. ಲಾರಿಯನ್ನು ಕಂಡುಹಿಡಿದ ಯಂತ್ರಕ್ಕೆ ಸ್ಟೇರಿಂಗ್ ಹಿಡಿದ ಕೈ ಯಾರದೆಂದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ನಿವೃತ್ತಿಗೆ ಎರಡೇ ವರ್ಷ, ಲೈಸೆನ್ಸ್ ಹೋದರೇನು ಗತಿ ಎಂದು ಹೆದರಿದೆ.

ಜೀಪು ಹತ್ತುವಾಗ ಅವನು ಕೇಳಿದ, "ಮಂಡಿ ಹೇಗಿದೆ ಅಣ್ಣಾ?"

ಬಾಯಿ ಬಿಡಲು ಅವನು ಕೊಟ್ಟ ಕೊನೆಯ ಅವಕಾಶ ಅದು. "ಕಮ್ಮಿ ಆಗಿದೆ" ಅಂದೆ.

ಅವನ ಲೈಸೆನ್ಸ್ ರದ್ದಾಯಿತು. ಈಗ ಗಾಂಧಿ ಬಜಾರಿನಲ್ಲಿ ಮೂಟೆ ಇಳಿಸುತ್ತಾನೆ. ಅವನ ಕಣ್ಣಿಗೆ ಬೀಳದಿರಲು ನಾನು ಕೋಟೆ ಕಡೆಯಿಂದ ಸುತ್ತಿಕೊಂಡು ಹೋಗುತ್ತಿದ್ದೆ. ನಾಳೆ ನೇರ ದಾರಿಯಲ್ಲೇ ಹೋಗಿ ಇಲ್ಲಿ ಬರೆದದ್ದನ್ನು ಮೊದಲು ಅವನಿಗೆ ಓದಿ ಹೇಳಬೇಕು. ಪೊಲೀಸ್ ಸ್ಟೇಷನ್ನಿಗೆ ಆಮೇಲೆ. ಸ್ಟೇಷನ್ನಿನಲ್ಲಿ ಏನಾಗುತ್ತದೋ ಎನ್ನುವುದಕ್ಕಿಂತ, ಅವನು ಮತ್ತೆ ಮಂಡಿ ಹೇಗಿದೆ ಎಂದು ಕೇಳಿಬಿಟ್ಟರೆ ಎನ್ನುವ ಭಯವೇ ಹೆಚ್ಚು.