ಹ್ಯಾರೋದ ಶಾಂತಿತಜ್ಞ ಕಾಕಾ

ಮಾತು ಶುರು ಮಾಡುವ ಮೊದಲು ಕಾಕಾ ಕನ್ನಡಕ ತೆಗೆದು, ಅದರ ಕಡ್ಡಿಯಿಂದ ಕಿವಿ ಕೆರೆದುಕೊಳ್ಳುತ್ತಿದ್ದರು. ಕಿವಿಯನ್ನು ಅವರು ಬೇರೆ ಯಾವುದಕ್ಕಾದರೂ ಬಳಸಿದ್ದನ್ನು ನಾನು ಕಾಣೆ.

ಅವರು ನನ್ನ ಗಂಡನ ಚಿಕ್ಕಪ್ಪ, ಧಾರವಾಡದವರು. ಆಫ್ರಿಕಾದ ಅಂತರ್ಯುದ್ಧಗಳಿಗೆ ನೆರೆಯ ದೇಶಗಳು ಕಳಿಸುತ್ತಿದ್ದ ಶಾಂತಿಪಡೆಗಳ ಬಗ್ಗೆ ಲಂಡನ್ನಿನ ಹ್ಯಾರೋದ ಮನೆಯಲ್ಲಿ ಕೂತು ವರದಿ ಬರೆಯುವುದು ಅವರ ಕಸುಬು. ಅಲ್ಲಿಗೆ ಹೋಗಿಯೂ ಬಂದಿದ್ದರು; ಬಂದವರು ಹೇಳಿದ್ದೆಲ್ಲ ಹೋಟೆಲಿನ ನೀರಿನ ಬಗ್ಗೆ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮದುವೆಯಾಗಿ ವಿಜಾಪುರದಿಂದ ಬಂದಾಗ, ಅವರ ವರದಿ ಟೈಪ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು.

"ಸೈನಿಕರದು ಬರೇ ಗೋಳು. ಸೋಸಬೇಕು ಅದನ್ನ," ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಅಂಥ ಪಡೆಯಲ್ಲಿದ್ದ ಪಶ್ಚಿಮ ಆಫ್ರಿಕಾದ ಕ್ಯಾಪ್ಟನ್ ಒಬ್ಬರು ವರದಿಗಾಗಿ ತಾವು ಕಂಡದ್ದನ್ನು ಹೇಳಲು ಸ್ಟ್ರಾಟ್‌ಫರ್ಡ್‌ನಿಂದ ಟ್ಯೂಬ್ ರೈಲು ಹಿಡಿದು ಬಂದರು.

"ನಮ್ಮ ಲಾರಿಗಳಲ್ಲಿ ಡೀಸೆಲ್ ಇರಲಿಲ್ಲ. ಜೊತೆಗಿದ್ದ ಇನ್ನೊಂದು ದೇಶದ ತುಕಡಿಯಲ್ಲಿತ್ತು. ಕೊಡಲು ಅವರ ರಾಜಧಾನಿಯಿಂದ ಅಪ್ಪಣೆ ಬರಲಿಲ್ಲ," ಎಂದರು. "ಹೊಳೆಯಾಚೆ ಊರು ಸುಡುವುದನ್ನು ನಿಂತು ನೋಡಿದೆವು. ಅದುವರೆಗೆ ಆ ಊರಿನ ಸಂತೆಗೆ ಕಾವಲಿದ್ದವರು ನಾವೇ. ಹೆಂಗಸರು ನಮ್ಮ ಹೆಸರು ಹಿಡಿದು ಕೂಗುತ್ತಿದ್ದರು."

ಕಾಕಾ ಅವರಿಗೆ ಇನ್ನೊಂದು ಬಿಸ್ಕತ್ತು ಕೊಟ್ಟರು.

ಕ್ಯಾಪ್ಟನ್ ಹೋದ ಮೇಲೆ ಕಾಕಾ ನನ್ನತ್ತ ತಿರುಗಿದರು. "‘ಇಂಧನ ಪೂರೈಕೆಯಲ್ಲಿ ಕೆಲವು ಅಡಚಣೆಗಳಿದ್ದವು.’ ಇಷ್ಟು ಇಂಗ್ಲಿಷಿನಾಗ ಹೊಡಿ."

"ಊರು ಸುಟ್ಟಿದ್ದು, ಕಾಕಾ?"

"ಅಡಚಣಿ ಒಳಗ ಎಲ್ಲಾ ಬಂತಲ್ಲ."

"ಹೆಂಗಸರು ಕೂಗಿದ್ದು?"

"ಅದನ್ನೆಲ್ಲ ಹಾಕಿದ್ರ ಪಡೆ ಕಳಿಸಿದ ಸರಕಾರದವರು ಮುಂದಿನ ಸಭಾಕ್ಕ ನನ್ನ ಕರೀತಾರೇನು? ನಿನಗ ತಿಳ್ಯಾಂಗಿಲ್ಲ, ಬಿಡವಾ."

"ಹಂಗಾರ ನೀವೇ ಹೊಡ್ಕೋರಿ," ಎಂದು ಎದ್ದೆ. ಮತ್ತೆ ಆ ಕುರ್ಚಿಯಲ್ಲಿ ಕೂರಲಿಲ್ಲ.

ವರದಿಗೆ ಮೆಚ್ಚುಗೆ ಬಂತು. ಸಭೆಗೂ ಕರೆ ಬಂತು. ಇನ್ನೊಂದು ದೇಶಕ್ಕೆ ಇನ್ನೊಂದು ಪಡೆ ಹೊರಟಾಗ ಟಿವಿಯವರು ಕೇಳಿದ್ದು ಕಾಕಾನನ್ನೇ. ಕನ್ನಡಕ ತೆಗೆದು, ಕಿವಿ ಕೆರೆದುಕೊಂಡು, ಸವಾಲುಗಳಿವೆ ಎಂದರು.

ಕೆಲವು ವರ್ಷಗಳ ನಂತರ ಹೃದಯಾಘಾತದಿಂದ ತೀರಿಕೊಂಡರು. ಅಂತ್ಯಕ್ರಿಯೆಯಲ್ಲಿ ಮೂರು ಜನ ಭಾಷಣ ಮಾಡಿ, ಶಾಂತಿಗಾಗಿ ಸವೆದ ಜೀವ ಎಂದರು. ನನ್ನ ಕಣ್ಣು ಒದ್ದೆಯಾಗಲಿಲ್ಲ. ಗಂಡ ಕೈ ಹಿಸುಕಿ, "ಇವತ್ತರ ಮಾರಿ ಗಂಟು ಹಾಕಬ್ಯಾಡ," ಎಂದ.

ಆದರೂ ಆ ಮನುಷ್ಯನ ಋಣ ನನ್ನ ಮೇಲಿದೆ. ನಾನೀಗ ಆಸ್ಪತ್ರೆಯಲ್ಲಿ ದುಭಾಷಿ. ಊರಿಂದ ಮಗನ ಮನೆಗೆ ಬಂದ ಮುದುಕಿಯೊಬ್ಬಳು, "ಹೊಟ್ಟ್ಯಾಗ ಕೆಂಡ ಸುರದಂಗ ಆಗೇತವಾ," ಎಂದರೆ, ಡಾಕ್ಟರಿಗೆ ನಾನು ಕೆಂಡವೆಂದೇ ಹೇಳುತ್ತೇನೆ.